ಮರುಭೂಮಿ ಕಿಟ್: ಗಾಜು ಸರಿ, ಜೀರುಂಡೆ ಸರಿ, ಕಾರ್ಡು ಮಾತ್ರ ತಲೆಕೆಳಗು

‘ಮರುಭೂಮಿ ಪರಿಸರ ವ್ಯವಸ್ಥೆ’ ಎಂದು ಶಾಲೆಗಳಿಗೂ ಮನೆಗಳಿಗೂ ಮಾರುವ ಕಿಟ್‌ಗಳು ಹಲವು ಹೆಸರಲ್ಲಿ ಬರುತ್ತಿವೆ. ಹೊರಗಿನ ಚಿತ್ರ ಬೇರೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಇಲ್ಲಿ ಪರೀಕ್ಷಿಸಿರುವ ಕಿಟ್‌ನಲ್ಲಿ ಇರುವುದು ಇಷ್ಟು: ಜಾಲರಿ ಮುಚ್ಚಳದ 45×30×30 ಸೆಂ.ಮೀ. ಗಾಜಿನ ತೊಟ್ಟಿ, 4 ಕೆ.ಜಿ. ಮರಳು, ಒಂದು ಪೊಟ್ಟಣ ತರಗೆಲೆ, ಕಳ್ಳಿಯ ಒಣಕಟ್ಟಿಗೆಯ ತುಂಡು, ಬಲ್ಬಿನ ಹೋಲ್ಡರ್, ಗಾಜಿಗೆ ಅಂಟಿಸುವ ತಾಪ–ತೇವಾಂಶ ಮೀಟರು, 6 ಜೀರುಂಡೆ, ಒಂದು ಡಬ್ಬಿ ಐಸೊಪಾಡ್ (ತರಗೆಲೆ ತಿನ್ನುವ, ಏಡಿಯ ಬಳಗದ ಸಣ್ಣ ಜೀವಿ), ಒಂದು ಡಬ್ಬಿ ಸ್ಪ್ರಿಂಗ್‌ಟೇಲ್ (ಮಣ್ಣಿನಲ್ಲಿ ಜಿಗಿಯುವ ಪುಟ್ಟ ಜೀವಿ), ತರಗೆಲೆ ತುಂಬಿ ಹೂಳಲು 3 ನೈಲಾನ್ ಚೀಲ, ಮತ್ತು 24 ಕಾರ್ಡುಗಳ ಆಹಾರ ಸರಪಳಿ ಆಟ.

ತೊಟ್ಟಿಗೆ ಪೂರ್ಣ ಅಂಕ. ಗಾಜು ದಪ್ಪ ಇದೆ, ಅಂಚು ಒರಟಿಲ್ಲ, ಜಾಲರಿ ಲೋಹದ್ದು. ಜೀರುಂಡೆಗಳಿಗೂ ಪೂರ್ಣ ಅಂಕ. ಮಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಮರುಭೂಮಿಯದ್ದಲ್ಲ. ಕಿಟ್ ಕಟ್ಟಿದವರು ಮಳೆಕಾಡಿನ ನೆಲವನ್ನೇ ತಂದು, ಮೇಲೆ ಮರಳು ಉದುರಿಸಿ, ಹೆಸರು ಬದಲಿಸಿದ್ದಾರೆ. ನೀರು ಚಿಮುಕಿಸು, ಬೂಷ್ಟು ಬರಲಿ, ಎಲೆ ಕೊಳೆಯಲಿ ಎನ್ನುವುದು ಕೈಪಿಡಿಯ ಲೆಕ್ಕ. ಮರುಭೂಮಿಯಲ್ಲಿ ಎಲೆ ಹಾಗೆ ಕರಗುವುದಿಲ್ಲ. ಈ ಒಂದು ತಪ್ಪು ಸರಿಹೋದರೆ ಕಿಟ್ ಕೊಂಡದ್ದಕ್ಕೆ ಮೋಸವಿಲ್ಲ.

ಮರಳಿನಿಂದಲೇ ಶುರು ಮಾಡೋಣ. 4 ಕೆ.ಜಿ. ಮರಳನ್ನು ಈ ತೊಟ್ಟಿಗೆ ಸುರಿದರೆ ಸಿಗುವ ಆಳ ಸುಮಾರು 2 ಸೆಂ.ಮೀ. ಬಲ್ಬು ಹತ್ತಿಸಿದ ಅರ್ಧ ಗಂಟೆಯಲ್ಲಿ ಅದು ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಕಾಯುತ್ತದೆ. ಮರುಭೂಮಿಯ ಜೀವಿ ಬದುಕುವುದೇ ಆಳದ ವ್ಯತ್ಯಾಸದ ಮೇಲೆ. ಮಧ್ಯಾಹ್ನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವ ಜಾಗದಲ್ಲೂ ಗೇಣು ಕೆಳಗೆ ಮರಳು ತಣ್ಣಗಿರುತ್ತದೆ, ಅಲ್ಲೇ ತುಸು ತೇವವೂ ಉಳಿದಿರುತ್ತದೆ. ಇಳಿಯಲು ಆಳವಿಲ್ಲದ ತೊಟ್ಟಿ ಬಾಣಲೆಗೆ ಸಮ.

ಸರಾಸರಿ 8 ಸೆಂ.ಮೀ. ಆಳಕ್ಕೆ ಒಟ್ಟು 16 ಕೆ.ಜಿ.ಯಷ್ಟು ಮಣ್ಣು–ಮರಳು ಬೇಕು. ಬರೀ ಮರಳು ಹಾಕಿದರೆ ಬಿಲ ನಿಲ್ಲುವುದಿಲ್ಲ, ಕುಸಿಯುತ್ತದೆ. ಅಳತೆಯಲ್ಲಿ 3 ಪಾಲು ತೊಳೆದ ಮರಳಿಗೆ 1 ಪಾಲು ಜರಡಿ ಹಿಡಿದ ಜೇಡಿಮಣ್ಣು ಬೆರೆಸಿ, ನೀರು ಚಿಮುಕಿಸುತ್ತಾ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಒಡೆಯಬೇಕು. ಅದಕ್ಕಿಂತ ಹಸಿಯಾದರೆ ಒಣಗುವಾಗ ಬಿರುಕು ಬಿಟ್ಟು ಹೆಂಟೆಯಾಗುತ್ತದೆ. ಬಲ್ಬಿನ ಕಡೆ 5 ಸೆಂ.ಮೀ., ಎದುರು ಕಡೆ 11 ಸೆಂ.ಮೀ. ಬರುವಂತೆ ಇಳಿಜಾರು ಮಾಡಿ. ಒಂದು ವಾರ ಬಲ್ಬು ಹಾಕಿ ಒಣಗಿಸಿದ ಮೇಲೆಯೇ ಪ್ರಾಣಿಗಳನ್ನು ಬಿಡಬೇಕು. ಗಾಜೂ ಸೇರಿ ತೂಕ 20 ಕೆ.ಜಿ. ದಾಟುತ್ತದೆ, ತುಂಬಿದ ಮೇಲೆ ಎತ್ತಿದರೆ ತಳದ ಅಂಟು ಬಿಡುವ ಅಪಾಯವಿದೆ. ಜಾಗ ಗೊತ್ತುಮಾಡಿಕೊಂಡೇ ತುಂಬಿ. ಬಣ್ಣ ಹಾಕಿದ ಅಲಂಕಾರದ ಮರಳು, ಸುಣ್ಣದ ಮರಳು ಎರಡೂ ಬೇಡ.

ಕೈಪಿಡಿಯಲ್ಲಿ ‘ದಿನಕ್ಕೆರಡು ಬಾರಿ ಪೂರ್ತಿ ಮೇಲ್ಮೈಗೆ ನೀರು ಸಿಂಪಡಿಸಿ’ ಎಂದಿದೆ. ಈ ಸಾಲಿನ ಮೇಲೆ ಗೀಟು ಎಳೆಯಿರಿ. ಅದರ ಬದಲು 2 ಸೆಂ.ಮೀ. ಅಗಲದ, 15 ಸೆಂ.ಮೀ. ಉದ್ದದ ಪಿವಿಸಿ ಪೈಪನ್ನು ತಣ್ಣನೆಯ ಮೂಲೆಯಲ್ಲಿ ನೆಟ್ಟಗೆ ಹೂಳಿ. ಕೆಳಗಿನ ತುದಿ ತಳದಿಂದ 1 ಸೆಂ.ಮೀ. ಮೇಲಿರಲಿ, ಅದರಡಿ ನಾಲ್ಕಾರು ಬೆಣಚುಕಲ್ಲು ಇರಲಿ, ಬಾಯಿಗೆ ಜಾಲರಿ ಚೂರು ಕಟ್ಟಿ. ವಾರಕ್ಕೊಮ್ಮೆ 100ರಿಂದ 150 ಮಿ.ಲೀ. ನೀರು ಈ ಪೈಪಿಗೆ ಮಾತ್ರ. ಗಾಜಿನ ಪಕ್ಕದಿಂದ ನೋಡಿದರೆ ತೇವದ ಕಪ್ಪು ಗೆರೆ ಕಾಣುತ್ತದೆ. ತೊಟ್ಟಿಯ ಉದ್ದದ ಕಾಲು ಭಾಗದಲ್ಲಿ, ಅದೂ ಕೆಳ ಅರ್ಧದಲ್ಲಿ, ಆ ಗೆರೆ ನಿಂತರೆ ಸರಿ. ನಡುವನ್ನು ದಾಟಿತೋ, ಎರಡು ವಾರ ನೀರು ಬಂದ್.

ಇನ್ನು ಜೀರುಂಡೆ. ಕಿಟ್‌ನ ಬೆಲೆಗೆ ಅರ್ಥ ಬರುವುದು ಇವುಗಳಿಂದಲೇ. ಒಳ್ಳೆಯ ಕಿಟ್‌ನಲ್ಲಿ ಬರುವುದು ಉತ್ತರ ಅಮೆರಿಕದ ಸೊನೋರಾ ಮರುಭೂಮಿಯ ಆಸ್ಬೋಲಸ್ ವೆರುಕೋಸಸ್ ಎಂಬ ಜಾತಿ. ಉದ್ದ 2 ಸೆಂ.ಮೀ. ಆಸುಪಾಸು, ಬೆನ್ನು ಗುಬ್ಬಿ, ಬೆನ್ನ ಮೇಲೆ ಸಾಲು ಸಾಲು ಬೊಕ್ಕೆ, ಮೈಬಣ್ಣ ಬೂದಿ ಮೆತ್ತಿದ ನೀಲಿ. ಕೆಲವು ಕಿಟ್‌ಗಳಲ್ಲಿ ಇದರ ಬದಲು ಹಿಟ್ಟಿನ ಹುಳದ ಜೀರುಂಡೆಯನ್ನು ಹಾಕಿ ‘ಮರುಭೂಮಿ ಜೀರುಂಡೆ’ ಎಂದು ಕಳಿಸುತ್ತಾರೆ. ಅದು ನುಣುಪಾಗಿ, ಉದ್ದಕ್ಕೆ, ಕಪ್ಪುಕಂದು ಬಣ್ಣಕ್ಕೆ ಇರುತ್ತದೆ. ಎರಡೂ ಒಂದೇ ಕುಟುಂಬದವು ನಿಜ, ಆದರೆ ಹಿಟ್ಟಿನ ಹುಳ ಬೆಳೆಯುವುದು ಕಾಳಿನ ಮೂಟೆಯಲ್ಲಿ. ಮೊಟ್ಟೆಯಿಂದ ಜೀರುಂಡೆಯವರೆಗಿನ ಹಂತಗಳನ್ನು ತೋರಿಸಲು ಅದು ಚೆನ್ನಾಗಿಯೇ ಒದಗುತ್ತದೆ, ಹಾಗಾಗಿ ವಾಪಸ್ ಕಳಿಸಲೇಬೇಕೆಂದಿಲ್ಲ. ಬೆಲೆಯನ್ನು ಮಾತ್ರ ಸೊನೋರಾದ ಜೀರುಂಡೆಯ ಲೆಕ್ಕದಲ್ಲಿ ಹಿಡಿದಿದ್ದರೆ ಕೇಳಬೇಕು.

ಆ ನೀಲಿ ಬಣ್ಣವನ್ನು ಹತ್ತಿರದಿಂದ ನೋಡಿ. ಬೆರಳಿಂದ ಮೆಲ್ಲಗೆ ಒರೆಸಿದರೆ ಅಲ್ಲಿ ಕಪ್ಪು ಇಣುಕುತ್ತದೆ. ನೀಲಿ ಇರುವುದು ಚಿಪ್ಪಿನಲ್ಲಲ್ಲ, ಅದರ ಮೇಲೆ ಒಸರಿ ನಿಂತ ಮೇಣದ ಸಣ್ಣ ಎಳೆಗಳಲ್ಲಿ. ಗಾಳಿ ಒಣಗಿದಷ್ಟೂ ಮೇಣ ಹೆಚ್ಚು, ಬಣ್ಣ ತಿಳಿ; ತೇವ ಏರಿದರೆ ಮೈ ಕಪ್ಪಾಗುತ್ತಾ ಬರುತ್ತದೆ. ಮೇಣದ ಹೊದಿಕೆ ಮೈಯ ನೀರು ಆರಿಹೋಗದಂತೆ ತಡೆಯುತ್ತದೆ. ಹೀಗಾಗಿ ಕಿಟ್‌ನ ಮೀಟರಿಗಿಂತ ಜೀರುಂಡೆಯ ಬೆನ್ನೇ ವಾಸಿ. ಆರೂ ಜೀರುಂಡೆಗಳು ಕಪ್ಪಗೆ ಓಡಾಡುತ್ತಿದ್ದರೆ ತೊಟ್ಟಿ ಹಸಿಯಾಗಿದೆ ಎಂದೇ ತಿಳಿಯಿರಿ, ಮೀಟರು ಏನಾದರೂ ಹೇಳಲಿ.

ಆ ಮೀಟರನ್ನು ಹೇಗೂ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಿನಂತೆ ಆಗುವಷ್ಟು ಮಾತ್ರ ನೀರು ಹನಿಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ 12 ಗಂಟೆ ಇಡಿ. ಮುಳ್ಳು ಶೇ. 75 ತೋರಿಸಬೇಕು. ಶೇ. 5ರವರೆಗಿನ ವ್ಯತ್ಯಾಸ ನಡೆಯುತ್ತದೆ, ಅದನ್ನು ಬರೆದಿಟ್ಟುಕೊಂಡು ಕೂಡಿಸಿ ಕಳೆದರಾಯಿತು. ತಾಪದ ವಿಷಯದಲ್ಲಿ ಮೀಟರನ್ನು ನಂಬಲೇಬೇಡಿ. ಅದು ಅಳೆಯುವುದು ಗಾಜಿನ ಪಕ್ಕದ ಗಾಳಿಯನ್ನು, ಬೇಕಿರುವುದು ಮರಳಿನ ಮೇಲ್ಮೈ. ದೂರದಿಂದ ಹಿಡಿದು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಬಲ್ಬಿನಡಿ 38ರಿಂದ 40, ಎದುರು ತುದಿಯಲ್ಲಿ 25ರಿಂದ 27 ಡಿಗ್ರಿ ಬಂದರೆ ಸಾಕು. ಹೆಚ್ಚಾದರೆ ಬಲ್ಬು ಬದಲಿಸುವ ಮುಂಚೆ ಹೋಲ್ಡರನ್ನು 5 ಸೆಂ.ಮೀ. ಮೇಲೆತ್ತಿ ನೋಡಿ.

ಮುಟ್ಟಿದರೆ ಈ ಜೀರುಂಡೆ ಮಗುಚಿಕೊಂಡು, ಕಾಲು ಸೆಟೆಸಿ, ಸತ್ತಂತೆ ಬಿದ್ದಿರುತ್ತದೆ. ಅವಸರಪಟ್ಟು ಕಸದ ಬುಟ್ಟಿಗೆ ಹಾಕಬೇಡಿ. ರಾತ್ರಿ ದೀಪ ಆರಿಸಿ, ಬೆಳಗ್ಗೆ ನೋಡಿ ತೀರ್ಮಾನಿಸಿ. ಆಹಾರ ಆರಕ್ಕೂ ಸೇರಿ ವಾರಕ್ಕೆರಡು ಸಲ: ಸತ್ತ ಹುಳದ ಒಂದೆರಡು ಚೂರು ಅಥವಾ ಚಿಟಿಕೆ ಒಣ ಮೀನಿನಾಹಾರ, ಜೊತೆಗೆ ಉಗುರಿನಗಲದ ಕ್ಯಾರೆಟ್. 24 ಗಂಟೆಯಲ್ಲಿ ಮಿಕ್ಕದ್ದನ್ನು ತೆಗೆಯಿರಿ. ಬಿಟ್ಟರೆ ಬರುವುದು ಬಿಳಿ ನುಸಿ, ಹಿಟ್ಟು ಉದುರಿದಂತೆ ಗಾಜಿನ ಮೇಲೆ ಕಾಣುತ್ತದೆ. ಅದಕ್ಕೆ ಔಷಧ ಹುಡುಕಬೇಡಿ: ಪೈಪಿನ ನೀರು ನಿಲ್ಲಿಸಿ, ಆಹಾರ ನಾಲ್ಕು ದಿನ ತಡೆದು, ಗಾಳಿ ಒಣಗಿಸಿದರೆ ಕಡಿಮೆಯಾಗುತ್ತದೆ. ಜೀರುಂಡೆ ಆ ಒಣಗುವಿಕೆ ತಡೆಯುತ್ತದೆ, ನುಸಿ ತಡೆಯುವುದಿಲ್ಲ.

ಡಬ್ಬಿಯ ಮೇಲೆ ‘ತಾನಾಗಿಯೇ ನಡೆಯುವ ಪರಿಸರ ವ್ಯವಸ್ಥೆ’ ಎಂದು ಅಚ್ಚಾಗಿದೆ. ಇದು ಸುಳ್ಳು. ಈ ಜೀರುಂಡೆ ಹಲವು ವರ್ಷ ಬದುಕುತ್ತದೆ, ಆದರೆ ತೊಟ್ಟಿಯಲ್ಲಿ ಮರಿ ಮಾಡಿ ದೊಡ್ಡದಾಗುವುದು ಬಲು ಅಪರೂಪ. ಒಳಗೆ ಬೆಳೆಯುವ ಗಿಡವಿಲ್ಲ, ಹೊರಗಿಂದ ಆಹಾರ ಹಾಕದೆ ತೊಟ್ಟಿ ನಡೆಯುವುದಿಲ್ಲ. ಹಾಗೆ ನೋಡಿದರೆ ಇದೇ ಒಂದು ಒಳ್ಳೆಯ ಪಾಠವಾಗಬಹುದಿತ್ತು. ಆಫ್ರಿಕದ ನೈಋತ್ಯ ಕರಾವಳಿಯ ನಮೀಬ್ ಮರುಭೂಮಿಯ ಮರಳುದಿಬ್ಬಗಳಲ್ಲೂ ಗಿಡವಿಲ್ಲದ ಕಡೆ ಬದುಕು ನಡೆಯುವುದು ಹೊರಗಿಂದ ಬಂದ ಊಟದ ಮೇಲೆ. ಗಾಳಿ ಎಲ್ಲಿಂದಲೋ ಹೊತ್ತು ತಂದ ಒಣಹುಲ್ಲಿನ ಚೂರು, ಬೀಜ, ಸತ್ತ ಹುಳ ದಿಬ್ಬದ ಮರೆಯಲ್ಲಿ ಜಾರಿ ಬಿದ್ದು ಗುಡ್ಡೆಯಾಗುತ್ತವೆ. ಜೀರುಂಡೆ ಬರುವುದು ಅಲ್ಲಿಗೆ. ಕೈಪಿಡಿ ಇದನ್ನು ಬರೆದಿದ್ದರೆ ಕ್ಯಾರೆಟ್ ಹಾಕುವ ಕೈಗೆ ‘ನಾನೇ ಗಾಳಿ’ ಎಂಬ ಅರಿವಾದರೂ ಬರುತ್ತಿತ್ತು.

ಐಸೊಪಾಡ್ ಮತ್ತು ಸ್ಪ್ರಿಂಗ್‌ಟೇಲ್ ವಿಷಯ ಬೇಗ ಮುಗಿಸಬಹುದು. ಇಲ್ಲಿ ಬರುವವು ತೇವದ ನೆಲದ ತಳಿಗಳು. ಬಿಸಿ ಮರಳಿನ ಮೇಲೆ ಸುರಿದರೆ ಸಂಜೆಯೊಳಗೆ ಒಣಗಿ ಸಾಯುತ್ತವೆ. ಪೈಪಿನ ಮೂಲೆಯಲ್ಲಿ ಕಟ್ಟಿಗೆ ಚೂರು, ಒಂದು ಹಿಡಿ ತರಗೆಲೆ, ನಾಲ್ಕು ಇದ್ದಿಲು ತುಂಡು ಇಟ್ಟು ಅದರಡಿ ಬಿಡಿ, ಅಲ್ಲಿಂದ ಅವು ದೂರ ಹೋಗುವುದಿಲ್ಲ. ನಿಜವಾದ ಮರುಭೂಮಿ ಐಸೊಪಾಡ್ ಇಲ್ಲವೆಂದಲ್ಲ. ಇಸ್ರೇಲಿನ ನೆಗೆವ್ ಮರುಭೂಮಿ ಮತ್ತು ಉತ್ತರ ಆಫ್ರಿಕದ ಹೆಮಿಲೆಪಿಸ್ಟಸ್ ರಿಯೋಮ್ಯುರಿ ಆಳವಾದ ಬಿಲ ತೋಡಿ, ಗಂಡು–ಹೆಣ್ಣು ಮರಿಗಳೊಂದಿಗೆ ಒಂದು ಸಂಸಾರವಾಗಿ ಬಾಳುತ್ತದೆ, ಬಾಗಿಲಲ್ಲಿ ಒಬ್ಬರು ಕಾವಲು. ಅದನ್ನು ಯಾವ ಕಿಟ್ಟೂ ಕೊಡುವುದಿಲ್ಲ. ಕಾರ್ಡಿನಲ್ಲಿ ಚಿತ್ರವಾದರೂ ಹಾಕಬಹುದಿತ್ತು.

ತರಗೆಲೆಯ ಚೀಲಗಳಿಗೆ ಬಂದರೆ, ಉದ್ದೇಶ ಒಳ್ಳೆಯದು, ಲೆಕ್ಕ ಕೆಟ್ಟದ್ದು. ತೂಗಿದ ಎಲೆಯನ್ನು ಚೀಲದಲ್ಲಿ ಹೂಳಿ, ತಿಂಗಳ ಮೇಲೆ ತೆಗೆದು ತೂಗಿ, ಎಷ್ಟು ಕರಗಿತು ನೋಡಿ ಎನ್ನುತ್ತದೆ ಕೈಪಿಡಿ. ಹಾಗೆ ಮಾಡಿದವರಲ್ಲಿ ಬಹುಪಾಲು ಜನರಿಗೆ ತೂಕ ಹೆಚ್ಚಾಗಿಯೇ ಸಿಗುತ್ತದೆ! ಎಲೆ ಬೆಳೆದಿಲ್ಲ, ಒಳಗೆ ಮರಳು ಸೇರಿದೆ. ಮರುಭೂಮಿಯಲ್ಲಿ ಇದೇ ಪ್ರಯೋಗ ಮಾಡುವ ವಿಜ್ಞಾನಿಗಳಿಗೂ ಇದು ಹಳೆಯ ತಲೆನೋವು. ಅವರು ಎಲೆಯನ್ನು 550 ಡಿಗ್ರಿಯಲ್ಲಿ ಸುಟ್ಟು, ಉಳಿದ ಬೂದಿಯ ತೂಕದಿಂದ ಮರಳಿನ ಪಾಲನ್ನು ಕಳೆಯುತ್ತಾರೆ. ಕುಲುಮೆ ಇಲ್ಲದ ಕಡೆ ಹೀಗೆ ಮಾಡಿ: ಎಲೆಯನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ 1 ಮಿ.ಮೀ. ಜರಡಿಯಲ್ಲಿ ಆಡಿಸಿ. ಜೊತೆಗೆ ಒಂದು ಚೀಲದಲ್ಲಿ ಎಲೆಯ ಬದಲು ಅದೇ ಗಾತ್ರಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ ತುಂಬಿ ಹೂಳಿ. ಅದೇ ರೀತಿ ಒರೆಸಿದ ಮೇಲೂ ಪ್ಲಾಸ್ಟಿಕ್ಕಿನ ತೂಕ ಎಷ್ಟು ಏರಿತೋ ಅಷ್ಟು ಮರಳು ಎಲೆಯಲ್ಲೂ ಇದೆ ಎಂದು ಅಂದಾಜು ಹಿಡಿಯಬಹುದು.

ಮೂರು ಚೀಲ ಯಾವುದಕ್ಕೂ ಸಾಲದು. 10×10 ಸೆಂ.ಮೀ.ನ 12 ಚೀಲ ಹೊಲಿದುಕೊಳ್ಳಿ: ಆರಕ್ಕೆ 2ರಿಂದ 4 ಮಿ.ಮೀ. ಕಣ್ಣಿನ ಬಲೆ, ಆರಕ್ಕೆ ತೀರಾ ಸಣ್ಣ ಕಣ್ಣಿನ ಬಟ್ಟೆ. ಒಂದರಲ್ಲಿ ಐಸೊಪಾಡ್ ಮರಿಗಳು ನುಗ್ಗಿ ತಿನ್ನಬಲ್ಲವು, ಇನ್ನೊಂದರಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾಗಳಷ್ಟೇ ಕೆಲಸ ಮಾಡುತ್ತವೆ. 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿದ ಎಲೆ, ಚೀಲಕ್ಕೆ 5 ಗ್ರಾಂ. ತೂಗಲು 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. 1 ಗ್ರಾಂ ಮೆಟ್ಟಿಲಿನ ಅಡುಗೆಮನೆ ತಕ್ಕಡಿಯಲ್ಲಿ 5 ಗ್ರಾಂ ಎಲೆಯ ಬದಲಾವಣೆ ಹುಡುಕುವುದೆಂದರೆ ಲಾರಿ ತೂಗುವ ಕಾಟಾದಲ್ಲಿ ಮೆಣಸಿನಕಾಯಿ ತೂಗಿದಂತೆ. ಅರ್ಧ ಚೀಲಗಳು ತೇವದ ಮೂಲೆಗೆ, ಅರ್ಧ ಒಣ ಕಡೆಗೆ. ತಿಂಗಳಿಗೆ ಏನೂ ಗೊತ್ತಾಗುವುದಿಲ್ಲ, 3ರಿಂದ 6 ತಿಂಗಳು ಬಿಡಿ. ಕಿಟ್‌ನ ತರಗೆಲೆಯನ್ನು ಕಾಯಿಸಿ ಕ್ರಿಮಿ ಕಳೆದಿರುತ್ತಾರೆ, ಹಾಗಾಗಿ ಶಿಲೀಂಧ್ರದ ಬೀಜಕಣ ಬರಲು ಒಂದು ಚಿಟಿಕೆ ತೋಟದ ಒಣಮಣ್ಣನ್ನು ಪ್ರತಿ ಚೀಲಕ್ಕೂ ಸಮನಾಗಿ ಉದುರಿಸಿ.

ಮಧ್ಯೆ ಒಂದು ಮಳೆಯನ್ನೂ ಸುರಿಸಬಹುದು. ಈ ತೊಟ್ಟಿಯ ಮೇಲ್ಮೈಗೆ 2 ಮಿ.ಮೀ. ಮಳೆ ಎಂದರೆ 270 ಮಿ.ಲೀ. ನೀರು, 5 ಮಿ.ಮೀ. ಎಂದರೆ 675. ಆರು ವಾರಕ್ಕೊಮ್ಮೆ 270 ಮಿ.ಲೀ. ಮೇಲಿಂದ ಸಿಂಪಡಿಸಿ ಮುಚ್ಚಳ ತೆರೆದಿಡಿ. ಒಣಗಿದ ಮಣ್ಣು ನೆನೆದ ಕೂಡಲೇ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು ಇಂಗಾಲದ ಡೈಆಕ್ಸೈಡ್ ಬಿಡುವುದನ್ನು ಮಣ್ಣಿನ ವಿಜ್ಞಾನಿ ಎಚ್. ಎಫ್. ಬರ್ಚ್ 1958ರಲ್ಲಿ ವಿವರಿಸಿದರು, ಆ ವಿದ್ಯಮಾನಕ್ಕೆ ಅವರದೇ ಹೆಸರು ನಿಂತಿದೆ. ಮರುಭೂಮಿಯಲ್ಲಿ ವಿಘಟನೆ, ಅಂದರೆ ಸತ್ತದ್ದು ಕರಗಿ ಮಣ್ಣಿಗೆ ಸೇರುವುದು, ನಡೆಯುವುದು ಹೀಗೆ: ತಿಂಗಳುಗಟ್ಟಲೆ ನಿದ್ದೆ, ನಾಲ್ಕು ದಿನ ಗಡಿಬಿಡಿ. ದಿನಾ ಚಿಮುಕಿಸುವ ತೊಟ್ಟಿಯಲ್ಲಿ ಈ ನಿದ್ದೆಯೂ ಕಾಣದು, ಎಚ್ಚರವೂ ಕಾಣದು.

ತೊಟ್ಟಿ ಎಂದೂ ತೋರಿಸಲಾಗದ ಸಂಗತಿ ಒಂದಿದೆ. ಮರುಭೂಮಿಯಲ್ಲಿ ಎಲೆಯನ್ನು ಬಿಸಿಲೇ ಒಡೆಯುತ್ತದೆ. ಅರ್ಜೆಂಟಿನಾದ ಪ್ಯಾಟಗೋನಿಯಾ ಪ್ರದೇಶದ ಅರೆಒಣ ಬಯಲಿನಲ್ಲಿ ಏಮಿ ಆಸ್ಟಿನ್ ಮತ್ತು ಲೂಸಿಯಾ ವಿವಾಂಕೊ ಮಾಡಿದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಸಿಲನ್ನು ತಡೆದಾಗ ಎಲೆ ಕರಗುವ ವೇಗ ಶೇ. 60ರಷ್ಟು ಇಳಿಯಿತು. ಅತಿನೇರಳೆ–ಬಿ ಕಿರಣವೂ, ಕಣ್ಣಿಗೆ ಕಾಣುವ ಬೆಳಕಿನ ಒಂದು ಪಾಲೂ ಎಲೆಗೆ ಗಟ್ಟಿತನ ಕೊಡುವ ಲಿಗ್ನಿನ್ನನ್ನು ಮುರಿಯುತ್ತವೆ, ಆಮೇಲೆ ಸೂಕ್ಷ್ಮಜೀವಿಗೆ ಕೆಲಸ ಸಲೀಸು. ಗಾಜು ಅತಿನೇರಳೆ–ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಆದ್ದರಿಂದ ಈ ಪ್ರಯೋಗ ಹೊರಗೆ, ಬಯಲಲ್ಲಿ ಆಗಬೇಕು: ಒಂದು ಚೌಕಟ್ಟಿಗೆ ತೆಳು ಸಾದಾ ಪಾಲಿಥೀನ್ ಹಾಳೆ (ಅತಿನೇರಳೆ ತಡೆಯುವ ಬಗೆ ಬೇಡ), ಇನ್ನೊಂದಕ್ಕೆ ಪಾಲಿಯೆಸ್ಟರ್ ಹಾಳೆ, ಮೂರನೆಯದಕ್ಕೆ ಅಲ್ಯುಮಿನಿಯಂ ಫಾಯಿಲ್. ಮೊದಲನೆಯದು ಅತಿನೇರಳೆಯನ್ನು ಬಹುಮಟ್ಟಿಗೆ ಬಿಡುತ್ತದೆ, ಎರಡನೆಯದು ಬಿ ಕಿರಣವನ್ನು ತಡೆಯುತ್ತದೆ, ಮೂರನೆಯದು ಎಲ್ಲವನ್ನೂ. ಮೂರೂ ಮಳೆ ತಡೆಯುವುದರಿಂದ ನೀರಿನ ಲೆಕ್ಕ ಸಮ. ಹಾಳೆ ಎಲೆಯಿಂದ 5 ಸೆಂ.ಮೀ. ಮೇಲಿರಲಿ, ಬದಿಗಳಲ್ಲಿ ಗಾಳಿ ಆಡಲಿ. ಹಾಳೆಯ ಮೇಲೆ ಧೂಳು ಕೂತರೆ ಫಲಿತಾಂಶ ಕೆಟ್ಟಂತೆ, ವಾರಕ್ಕೊಮ್ಮೆ ಒರೆಸಿ.

ಕಾರ್ಡುಗಳನ್ನು ಕೊನೆಗೆ ಉಳಿಸಿಕೊಂಡದ್ದು ಬೇಕೆಂದೇ. 24ರಲ್ಲಿ ಒಂಟೆ ಇದೆ, ಸಗ್ವಾರೊ ಕಳ್ಳಿ ಇದೆ, ಮುಂಗುಸಿ ಬಳಗದ ಮೀರ್‌ಕ್ಯಾಟ್ ಇದೆ. ಮೂರಕ್ಕೂ ಸೇರಿ ಒಂದೇ ಸರಪಳಿ! ಸಗ್ವಾರೊ ಕಾಡಲ್ಲಿ ಬೆಳೆಯುವುದು ಸೊನೋರಾದಲ್ಲಿ ಮಾತ್ರ, ಮೀರ್‌ಕ್ಯಾಟ್ ದಕ್ಷಿಣ ಆಫ್ರಿಕ ಭಾಗದ್ದು. ಇವೆರಡೂ ಕಾಡಿನಲ್ಲಿ ಪರಸ್ಪರ ಮುಖ ನೋಡಿಲ್ಲ. ರಣಹದ್ದಿನ ಕಾರ್ಡಿನ ಮೇಲೆ ‘ವಿಘಟಕ’ ಎಂದು ಬರೆದಿದ್ದಾರೆ. ಹದ್ದು ಹೆಣ ತಿನ್ನುತ್ತದೆ, ಜೀರುಂಡೆ ಮತ್ತು ಐಸೊಪಾಡ್ ಒಣ ಚೂರನ್ನು ಅಗಿದು ಪುಡಿ ಮಾಡುತ್ತವೆ, ಉಳಿದದ್ದನ್ನು ಖನಿಜದವರೆಗೆ ಬಿಡಿಸುವುದು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ. ಈ ಮೂರು ಕೆಲಸಗಳನ್ನು ಒಂದೇ ಹೆಸರಲ್ಲಿ ಕಟ್ಟಿದರೆ ಮಕ್ಕಳು ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. ವಿಘಟಕದ ಚಿತ್ರವಾಗಿ ಕೊಟ್ಟಿರುವುದು ಮಳೆಗಾಲದ ಕೊಡೆಯಂಥ ಅಣಬೆ.

ದೊಡ್ಡ ತಪ್ಪು ಜೋಡಣೆಯದು. ಗಿಡ, ಮಿಡತೆ, ಹಲ್ಲಿ, ಹಾವು, ಗಿಡುಗ, ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ವಿಘಟಕ. ಮರುಭೂಮಿಯಲ್ಲಿ ಹಸಿರು ಕಾಣುವುದು ವರ್ಷದ ಕೆಲವೇ ವಾರ. ಉಳಿದ ಕಾಲ ಊಟ ಎಂದರೆ ಒಣಗಿದ್ದು, ಉದುರಿದ್ದು. ಸರಪಳಿ ಅಲ್ಲಿಂದಲೇ ಶುರು. ನಮೀಬ್‌ನದ್ದನ್ನೇ ಜೋಡಿಸಿ ನೋಡಿ: ಗಾಳಿ ತಂದ ಹುಲ್ಲಿನ ಚೂರು, ಅದನ್ನು ತಿನ್ನುವ ಜೀರುಂಡೆ, ಗೆದ್ದಲು, ಪುಸ್ತಕದ ನಡುವೆ ಓಡುವ ಬೆಳ್ಳಿ ಹುಳದ ನೆಂಟರು, ಅವನ್ನು ಹಿಡಿಯುವ ಹಲ್ಲಿ, ಮರಳಲ್ಲಿ ಈಜಿದಂತೆ ಸಾಗಿ ಗೆದ್ದಲು ಹುಡುಕುವ ಗೋಲ್ಡನ್ ಮೋಲ್ ಎಂಬ ಪುಟ್ಟ ಸಸ್ತನಿ, ಹಲ್ಲಿಯನ್ನು ಕಾದು ಕೂತ, ಅಡ್ಡಡ್ಡ ಹರಿಯುವ ಪೆರಿಂಗ್ವೆ ಮಂಡಲ ಹಾವು.

ಗೆದ್ದಲಿಗೆ ಈ ಆಟದಲ್ಲಿ ಕಾರ್ಡೇ ಇಲ್ಲ ಎಂದರೆ ನಂಬಲಾಗುವುದಿಲ್ಲ. ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ಎನ್ನುತ್ತೇವಲ್ಲ, ಕಟ್ಟಿದ್ದು ಗೆದ್ದಲು, ಹೆಸರು ಇರುವೆಗೆ, ಇಲ್ಲಿ ಅಣಬೆಗೆ. ಶಿಲೀಂಧ್ರ ತೇವಕ್ಕಾಗಿ ಕಾಯಬೇಕು. ಗೆದ್ದಲು ಕಾಯುವುದಿಲ್ಲ: ಒಣಕಡ್ಡಿಯ ಮೇಲೆ ಹಸಿಮಣ್ಣಿನ ಹೊದಿಕೆ ಕಟ್ಟಿಕೊಂಡು, ತನ್ನ ತೇವವನ್ನು ತಾನೇ ಹೊತ್ತು ತಂದು, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಂದ ಸೆಲ್ಯುಲೋಸ್ ಕರಗಿಸಿಕೊಳ್ಳುತ್ತದೆ. ಮೆಕ್ಸಿಕೊ–ಅಮೆರಿಕ ಗಡಿಯ ಚಿವಾವಾ ಮರುಭೂಮಿಯಲ್ಲಿ ಗೆದ್ದಲನ್ನು ಇಲ್ಲವಾಗಿಸಿದ ತಾಕುಗಳಲ್ಲಿ, ಪೊದೆಯಿಲ್ಲದ ನೆಲಕ್ಕೆ ಮಳೆನೀರು ಇಂಗುವುದೂ ಕಡಿಮೆಯಾಯಿತು. ಗೆದ್ದಲನ್ನು ಕಿಟ್‌ನಲ್ಲಿ ಜೀವಂತವಾಗಿ ಕೊಡದಿರುವುದು ಜಾಣತನವೇ, ಮನೆಯ ಬಾಗಿಲು ಚೌಕಟ್ಟು ಉಳಿಯಬೇಕಲ್ಲ. ಕಾರ್ಡಿಗೇನಾಗಿತ್ತು?

ಸರಪಳಿಯ ಪ್ರತಿ ಮೆಟ್ಟಿಲಿಗೆ ಕೆಳಗಿನ ಮೆಟ್ಟಿಲಿನ ಶಕ್ತಿಯಲ್ಲಿ ಶೇ. 10 ಮಾತ್ರ ಏರುತ್ತದೆ ಎಂಬ ಪಟ್ಟಿಯನ್ನು ಹಾಗೇ ನಂಬಬೇಡಿ. 1942ರಲ್ಲಿ ಪರಿಸರ ವಿಜ್ಞಾನಿ ಲಿಂಡೆಮನ್ ಶಕ್ತಿಯ ಹರಿವನ್ನು ಲೆಕ್ಕ ಹಾಕಿದ್ದು ಒಂದು ಕೆರೆಯಲ್ಲಿ. ಮೈ ಬಿಸಿ ಇಟ್ಟುಕೊಳ್ಳಲು ಶಕ್ತಿ ಸುಡಬೇಕಿಲ್ಲದ ಹುಳ, ಚೇಳು, ಹಲ್ಲಿಗಳು ಅರಗಿಸಿಕೊಂಡದ್ದರಲ್ಲಿ ಹಕ್ಕಿ, ಇಲಿಗಳಿಗಿಂತ ಬಹಳ ಹೆಚ್ಚಿನ ಪಾಲನ್ನು ಮೈಯಾಗಿಸಿಕೊಳ್ಳುತ್ತವೆ. ಹಾಗೆಯೇ ಚೇಳಿನ ಕಾರ್ಡು ‘ಹುಳ ತಿನ್ನುತ್ತದೆ’ ಎಂದಷ್ಟೇ ಹೇಳುತ್ತದೆ. ಪರಿಸರ ವಿಜ್ಞಾನಿ ಗ್ಯಾರಿ ಪೋಲಿಸ್ 1991ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಕೋಚೆಲ್ಲಾ ಕಣಿವೆಯ ಆಹಾರ ಜಾಲವನ್ನು ಬಿಡಿಸಿಟ್ಟಾಗ, 174 ಬಗೆಯ ಗಿಡ, 138 ಬಗೆಯ ಬೆನ್ನೆಲುಬಿನ ಪ್ರಾಣಿಗಳಿದ್ದ ಆ ಜಾಗದಲ್ಲಿ, ನೆಟ್ಟಗಿನ ಸರಪಳಿಯೇ ಸಿಗಲಿಲ್ಲ. ಚೇಳು ತನ್ನ ಜಾತಿಯ ಮರಿಯನ್ನೇ ತಿನ್ನುತ್ತದೆ. ಇವತ್ತು ತಿಂದವನು ನಾಳೆ ತುತ್ತು. ಖಾಲಿ ಕಾರ್ಡಿಗೆ ರಟ್ಟು, ಬಾಣಕ್ಕೆ ನೂಲು ಬಳಸಿ ಜಾಲ ಕಟ್ಟಿಸಿ. ಬಾಣದ ಮೊನೆ ತಿನ್ನುವವನ ಕಡೆಗಿರಲಿ, ಕೈಪಿಡಿಯ ಎರಡು ಪುಟಗಳಲ್ಲಿ ಅದೂ ಹಿಂದುಮುಂದಾಗಿದೆ.

ಪ್ರಯೋಗ ಮುಗಿದ ಮೇಲೆ ಜೀರುಂಡೆಗಳನ್ನಾಗಲಿ ಐಸೊಪಾಡ್‌ಗಳನ್ನಾಗಲಿ ಹೊರಗೆ ಬಿಡಬೇಡಿ. ಸಾಕುವ ಇನ್ನೊಬ್ಬರಿಗೆ ಕೊಡಿ. ಪ್ರಾಣಿಗಳನ್ನು ತೆಗೆದ ಮರಳನ್ನು ತಟ್ಟೆಯಲ್ಲಿ 3 ಸೆಂ.ಮೀ. ದಪ್ಪಕ್ಕೆ ಹರವಿ, 100 ಡಿಗ್ರಿಯ ಓವನ್‌ನಲ್ಲಿ ಒಂದು ಗಂಟೆ ಕಾಯಿಸಿದರೆ ನುಸಿ, ಮೊಟ್ಟೆ ಸಾಯುತ್ತವೆ, ಮರಳನ್ನು ಮುಂದಿನ ಸಲಕ್ಕೆ ಬಳಸಬಹುದು.